ಟ್ರ್ಯಾಕ್‌ಗೆ ಹೊರಡುವ ಮುನ್ನ: ರಸ್ತೆ ಕಾರಿನ ಬ್ರೇಕ್ ಮತ್ತು ಕೂಲಿಂಗ್ ದೋಷ ಹುಡುಕುವ ಬಗೆ

ದಾವಣಗೆರೆಯಿಂದಾಗಲಿ ಚಿತ್ರದುರ್ಗದಿಂದಾಗಲಿ ಟ್ರ್ಯಾಕ್ ದಿನಕ್ಕೆ, ಅಂದರೆ ಸ್ವಂತ ಕಾರನ್ನು ರೇಸ್ ಟ್ರ್ಯಾಕ್ ಮೇಲೆ ಓಡಿಸುವ ದಿನಕ್ಕೆ, ಹೋಗುವವರು ಮೊದಲು ದೂರ ಪ್ರಯಾಣ ಮಾಡಬೇಕು. ಚೆನ್ನೈ ಸಮೀಪದ ಇರುಂಗಾಟ್ಟುಕೋಟೈ ಟ್ರ್ಯಾಕ್ ದಾವಣಗೆರೆಯಿಂದ ಐನೂರು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿದೆ. ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇ ಕೂಡ ಹತ್ತಿರವೇನಲ್ಲ. ಕಾರನ್ನು ಲಾರಿಯ ಮೇಲೆ ಹೇರಿಸಿಕೊಂಡು ಹೋಗುವವರು ನಮ್ಮಲ್ಲಿ ವಿರಳ. ಓಡಿಸಿಕೊಂಡು ಹೋಗಿ, ಟ್ರ್ಯಾಕ್ ಮೇಲೆ ದುಡಿಸಿ, ಅದೇ ಕಾರಿನಲ್ಲಿ ರಾಷ್ಟ್ರೀಯ ಹೆದ್ದಾರಿ 48ರ ಲಾರಿಗಳ ನಡುವೆ ಮನೆಗೆ ಮರಳಬೇಕು. ಆದ್ದರಿಂದ ಈ ಬರಹದ ಗುರಿ ಲ್ಯಾಪ್ (ಟ್ರ್ಯಾಕ್‌ನ ಒಂದು ಸುತ್ತು) ಸಮಯ ಇಳಿಸುವುದಲ್ಲ. ಬ್ರೇಕ್ ಅಥವಾ ಇಂಜಿನ್ ತೊಂದರೆ ಕೊಟ್ಟಾಗ ಅದರ ಮೂಲ ಎಲ್ಲಿದೆ ಎಂದು ಹಣ ಚೆಲ್ಲುವ ಮೊದಲೇ ತಿಳಿಯುವುದು ಇದರ ಗುರಿ.

ಟ್ರ್ಯಾಕ್ ಮೇಲೆ ಕಾರು ಕೈಕೊಡುವುದು ಹೆಚ್ಚಾಗಿ ಬಿಸಿಯಿಂದ. ಒಂದು ಟನ್ ತೂಕದ ಕಾರು ಊರೊಳಗೆ ಗಂಟೆಗೆ 60 ಕಿ.ಮೀ. ವೇಗದಿಂದ ಪೂರ್ತಿ ನಿಂತರೆ ಬ್ರೇಕ್ ಅರಗಿಸಿಕೊಳ್ಳಬೇಕಾದ ಶಕ್ತಿ ಸುಮಾರು 1.4 ಲಕ್ಷ ಜೂಲ್. ಅದೇ ಕಾರು ಟ್ರ್ಯಾಕ್‌ನ ನೇರ ದಾರಿಯ ಕೊನೆಯಲ್ಲಿ 140ರಿಂದ 60ಕ್ಕೆ ಇಳಿದರೆ 6 ಲಕ್ಷ ಜೂಲ್ ಮೀರುತ್ತದೆ. ಕಾರು ನಿಲ್ಲುವುದೂ ಇಲ್ಲ, ಮುಂದಿನ ತಿರುವಿಗೆ ಮತ್ತೆ ಅಷ್ಟೇ ಬಿಸಿ ಸೇರುತ್ತದೆ. ಒಂದು ತಿರುವಿನ ಬಿಸಿ ಆರುವ ಮೊದಲೇ ಇನ್ನೊಂದು ಬಂದು ಕೂಡಿಕೊಳ್ಳುತ್ತದೆ. ಇಂಜಿನ್‌ನ ಕಥೆಯೂ ಇದೇ. ಊರಲ್ಲಿ ಅಪರೂಪಕ್ಕೆ ಒತ್ತುವ ಆಕ್ಸಿಲರೇಟರ್ ಇಲ್ಲಿ ನಿಮಿಷಗಟ್ಟಲೆ ನೆಲಕ್ಕೆ ಅಂಟಿರುತ್ತದೆ. ಹೀಗಾಗಿ ದೋಷ ಹುಡುಕುವಾಗ ಕೇಳಬೇಕಾದ ಮೊದಲ ಪ್ರಶ್ನೆ "ಏನು ಕೆಟ್ಟಿದೆ" ಎಂಬುದಲ್ಲ, "ಯಾವಾಗ ಕೆಡುತ್ತದೆ" ಎಂಬುದು. ತಣ್ಣಗಿದ್ದಾಗಲೂ ಇರುವ ತೊಂದರೆ ಬೇರೆ, ಬಿಸಿಯಾದ ಮೇಲಷ್ಟೇ ಕಾಣುವ ತೊಂದರೆ ಬೇರೆ. ಇವೆರಡನ್ನು ಬೇರ್ಪಡಿಸದೆ ಬಿಡಿಭಾಗ ಬದಲಿಸುತ್ತಾ ಹೋದರೆ ದಾವಣಗೆರೆಯ ಪಿ.ಬಿ. ರಸ್ತೆಯ ಬಿಡಿಭಾಗದ ಅಂಗಡಿಗಳ ಬಿಲ್ಲು ಬೆಳೆಯುತ್ತದೆಯೇ ಹೊರತು ದೋಷ ಹೋಗುವುದಿಲ್ಲ.

ಪೆಡಲ್ ಮೆತ್ತಗಾಗಿ ಕೆಳಗೆ ಹೋಗುವುದು

ಅತಿ ಹೆಚ್ಚು ಕೇಳಿಬರುವ ದೂರು ಇದು, ಅತಿ ಹೆಚ್ಚು ತಪ್ಪು ಚಿಕಿತ್ಸೆ ಸಿಗುವುದೂ ಇದಕ್ಕೇ. ಹರಿಹರದ ಕಡೆಯ ಹುಡುಗನೊಬ್ಬ 1.2 ಲೀಟರ್ ಪೆಟ್ರೋಲ್ ಕಾರು ತಂದು ನಿಲ್ಲಿಸಿ ಹೇಳಿದ್ದು ಹೀಗೆ: "ಅಣ್ಣಾ, ದುಬಾರಿ ಪ್ಯಾಡ್ ಹಾಕಿಸಿದೆ. ಆಮೇಲೆ ಮಾಸ್ಟರ್ ಸಿಲಿಂಡರ್ ಕೂಡ ಬದಲಿಸಿದರು. ಆದರೂ ಜೋರಾಗಿ ಓಡಿಸಿದ ಮೇಲೆ ಪೆಡಲ್ ಒಳಗೆ ಹೋಗುತ್ತದೆ." ಪ್ಯಾಡ್ ಎಂದರೆ ಚಕ್ರದ ಡಿಸ್ಕನ್ನು ಒತ್ತಿ ನಿಲ್ಲಿಸುವ ತುಂಡು, ಮಾಸ್ಟರ್ ಸಿಲಿಂಡರ್ ಎಂದರೆ ಪೆಡಲಿನ ಒತ್ತನ್ನು ದ್ರವಕ್ಕೆ ದಾಟಿಸುವ ಸಿಲಿಂಡರ್. ನಾನು ಕೇಳಿದ್ದು ಎರಡೇ ಮಾತು. "ಬೆಳಿಗ್ಗೆ ತಣ್ಣಗಿದ್ದಾಗಲೂ ಹೋಗುತ್ತದೆಯೇನಪ್ಪಾ? ಬ್ರೇಕ್ ಆಯಿಲ್ ಯಾವಾಗ ಬದಲಿಸಿದ್ದು?" ಬೆಳಿಗ್ಗೆ ಗಟ್ಟಿಯಾಗಿಯೇ ಇರುತ್ತದೆ ಎಂದ. ಆಯಿಲ್ ಬದಲಿಸಿದ ನೆನಪೇ ಅವನಿಗಿರಲಿಲ್ಲ. ಬಾನೆಟ್ ಒಳಗಿನ ಬ್ರೇಕ್ ಆಯಿಲ್ ಬಾಟಲಿಯ ಅಡಿಯ ಬಣ್ಣ ನೋಡಿದರೆ ಕಪ್ಪು ಕಷಾಯ.

ನಾವು ಬ್ರೇಕ್ ಆಯಿಲ್ ಎಂದು ಕರೆಯುವ ದ್ರವ ಗಾಳಿಯಲ್ಲಿನ ತೇವಾಂಶವನ್ನು ಹೀರಿಕೊಳ್ಳುತ್ತದೆ. ಮುಚ್ಚಳದ ಮೂಲಕ, ರಬ್ಬರ್ ಹೋಸ್‌ಗಳ ಮೂಲಕ ನಿಧಾನವಾಗಿ ನೀರು ಸೇರುತ್ತಲೇ ಇರುತ್ತದೆ. ನೀರು ಸೇರಿದಷ್ಟೂ ಕುದಿಯುವ ಬಿಂದು ಇಳಿಯುತ್ತದೆ. ಡಾಟ್ 3 ದರ್ಜೆಯ ಹೊಸ ದ್ರವ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ಶೇ 3.7ರಷ್ಟು ನೀರು ಸೇರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಇವೇ ಅಂಕಿಗಳು 230 ಮತ್ತು 155, ಡಾಟ್ 5.1ಕ್ಕೆ 260 ಮತ್ತು 180. ಊರೊಳಗಿನ ಓಡಾಟದಲ್ಲಿ ಕ್ಯಾಲಿಪರ್ (ಪ್ಯಾಡನ್ನು ಡಿಸ್ಕ್‌ಗೆ ಒತ್ತುವ ಭಾಗ) ಒಳಗಿನ ದ್ರವ ಈ ಮಟ್ಟದ ಹತ್ತಿರಕ್ಕೂ ಸುಳಿಯುವುದಿಲ್ಲ, ಅದಕ್ಕೇ ಹಳೆಯ ದ್ರವದ ದೋಷ ವರ್ಷಗಟ್ಟಲೆ ಅಡಗಿ ಕೂರುತ್ತದೆ. ಟ್ರ್ಯಾಕ್ ಮೇಲೆ ದ್ರವ ಕುದಿದು ಆವಿಯಾಗುತ್ತದೆ. ದ್ರವವನ್ನು ಅದುಮಲಾಗದು, ಆವಿಯನ್ನು ಅದುಮಬಹುದು. ನಿಮ್ಮ ಕಾಲಿನ ಒತ್ತಡವೆಲ್ಲ ಆವಿಯನ್ನು ಕುಗ್ಗಿಸುವುದರಲ್ಲೇ ಕಳೆದುಹೋಗಿ, ಪೆಡಲ್ ನೆಲ ಮುಟ್ಟುತ್ತದೆ.

ಗುರುತು ಹಿಡಿಯುವುದು ಹೀಗೆ. ತಣ್ಣಗಿದ್ದಾಗ ಗಟ್ಟಿ, ಜೋರು ಲ್ಯಾಪ್‌ಗಳ ನಂತರ ಮೆತ್ತಗೆ, ಅರ್ಧ ಗಂಟೆ ಆರಿದ ಮೇಲೆ ಬಹುಮಟ್ಟಿಗೆ ಮೊದಲಿನಂತೆ ಎಂದಾದರೆ ದ್ರವ ಕುದಿದಿದೆ. ಆರಿದ ಮೇಲೆ ಸರಿಹೋಯಿತೆಂದು ಮತ್ತೆ ಟ್ರ್ಯಾಕ್‌ಗೆ ಇಳಿಯಬಾರದು. ಒಮ್ಮೆ ಕುದಿದ ದ್ರವವನ್ನು ನಂಬುವಂತಿಲ್ಲ, ಅಲ್ಲೇ ಏರ್ ತೆಗೆಸಿ (ಬ್ರೇಕ್ ಪೈಪುಗಳೊಳಗಿನ ಗಾಳಿ, ಆವಿಯನ್ನು ಹೊರಹಾಕಿಸಿ) ಹೊಸ ದ್ರವ ತುಂಬಿಸಬೇಕು. ತಣ್ಣಗಿದ್ದಾಗಲೂ, ಮೊದಲ ಒತ್ತಿಗೇ ಮೆತ್ತಗಿದ್ದು, ಬೇಗಬೇಗ ಎರಡು ಮೂರು ಸಲ ಒತ್ತಿದರೆ ಮೇಲೆ ಬರುತ್ತದೆ ಎಂದಾದರೆ ಬ್ರೇಕ್ ಪೈಪಿನಲ್ಲಿ ಗಾಳಿ ಉಳಿದಿದೆ, ಇಲ್ಲವೇ ಹಿಂದಿನ ಚಕ್ರಗಳ ಡ್ರಮ್‌ಗಳ (ಒಳಗಿನಿಂದ ಶೂ ಎಂಬ ತುಂಡು ಒತ್ತುವ ಬ್ರೇಕಿನ) ಹೊಂದಾಣಿಕೆ ಸಡಿಲವಾಗಿದೆ. ಇಂಜಿನ್ ಚಾಲೂ ಇಟ್ಟು ಪೆಡಲ್ ಮೇಲೆ ಹಗುರಾಗಿ, ಒಂದೇ ಸಮನೆ ಕಾಲಿಟ್ಟಾಗ ಅದು ಮೆಲ್ಲಗೆ ಇಳಿಯುತ್ತಾ ಹೋದರೆ, ಬಾಟಲಿಯ ಮಟ್ಟ ಮಾತ್ರ ಕಡಿಮೆಯಾಗದಿದ್ದರೆ, ಆಗ ಮಾಸ್ಟರ್ ಸಿಲಿಂಡರ್‌ನ ಒಳಗಿನ ರಬ್ಬರ್ ಸೋರುತ್ತಿದೆ. ಮಟ್ಟವೂ ಕಡಿಮೆಯಾದರೆ ಹೊರಗೆ ಎಲ್ಲೋ ಸೋರಿಕೆ ಇದೆ. ಚಕ್ರದ ಒಳಮೈ, ಡ್ರಮ್‌ನ ಅಂಚು, ಪೆಡಲ್‌ನ ಹಿಂಭಾಗ ಇವನ್ನೆಲ್ಲ ಒರೆಸಿ ನೋಡಿ.

ಹಿಂದಿನ ಡ್ರಮ್‌ಗಳ ಬಗ್ಗೆ ಇನ್ನಷ್ಟು ಹೇಳಬೇಕು, ಏಕೆಂದರೆ ನಮ್ಮ ರಸ್ತೆಯ ಸಣ್ಣ ಕಾರುಗಳಲ್ಲಿ ಬಹುಪಾಲಿಗೆ ಹಿಂದೆ ಡ್ರಮ್ಮೇ ಇರುತ್ತದೆ ಮತ್ತು ಟ್ರ್ಯಾಕ್‌ಗೆ ಸಿದ್ಧಪಡಿಸುವವರು ಅದನ್ನು ಮರೆತೇಬಿಡುತ್ತಾರೆ. ಡಿಸ್ಕ್ ಬಿಸಿಯಾಗಿ ಹಿಗ್ಗಿದರೆ ಪ್ಯಾಡ್‌ನ ಕಡೆಗೇ ದಪ್ಪವಾಗುತ್ತದೆ. ಡ್ರಮ್ ಹಿಗ್ಗಿದರೆ ಶೂನಿಂದ ದೂರ ಸರಿಯುತ್ತದೆ. ಆ ಅಂತರ ತುಂಬಲು ಪೆಡಲ್ ಇನ್ನಷ್ಟು ಇಳಿಯಬೇಕು. ಹೊಂದಾಣಿಕೆಯ ನಕ್ಷತ್ರಚಕ್ರ ತುಕ್ಕು ಹಿಡಿದು ತಿರುಗದಿದ್ದರೆ ಈ ಅಂತರ ಮೊದಲೇ ದೊಡ್ಡದಿರುತ್ತದೆ. ಹ್ಯಾಂಡ್‌ಬ್ರೇಕ್ ಬಹಳ ಎತ್ತರಕ್ಕೆ ಎಳೆದರಷ್ಟೇ ಹಿಡಿಯುತ್ತದೆಯೇ ಎಂದು ನೋಡುವುದು ಸುಲಭದ ಸುಳಿವು. ಕೇಬಲ್ ಬಿಗಿ ಮಾಡಿ ಅದನ್ನು ಮುಚ್ಚಿಹಾಕಬೇಡಿ. ಡ್ರಮ್ ಬಿಚ್ಚಿಸಿ, ಒಳಗಿನ ಧೂಳನ್ನು ಬ್ರೇಕ್ ಕ್ಲೀನರ್‌ನಿಂದ ತೊಳೆದು ತೆಗೆಸಿ, ಹೊಂದಾಣಿಕೆಯನ್ನು ಶೂ ಕಡೆಯಿಂದಲೇ ಮಾಡಿಸಿ. ಆ ಧೂಳನ್ನು ಗಾಳಿಪೈಪಿನಿಂದ ಊದುವುದು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಹರಿಹರದ ಹುಡುಗನ ಕಾರಿನಲ್ಲಿ ಇದ್ದದ್ದು ಈ ಎರಡೂ: ಕೊಳೆತ ದ್ರವ, ಸಡಿಲ ಡ್ರಮ್. ಹೊಸ ಮಾಸ್ಟರ್ ಸಿಲಿಂಡರ್ ಬೇಕೇ ಇರಲಿಲ್ಲ.

ದ್ರವ ಬದಲಿಸುವಾಗ ಕೆಲವು ಮಾತು ಗ್ಯಾರೇಜಿನಲ್ಲಿ ನಿಂತು ಹೇಳಿಸಿಕೊಳ್ಳಬೇಕು. ಸೀಲ್ ಒಡೆಯದ ಬಾಟಲಿಯನ್ನೇ ಬಳಸಬೇಕು. ಕಳೆದ ಸಲ ಉಳಿದದ್ದು ಶೆಲ್ಫ್ ಮೇಲೆ ಇದ್ದರೆ ಅದು ನೀರು ಕುಡಿದ ದ್ರವ. ಪೂರ್ತಿ ಬದಲಾವಣೆಗೆ ಒಂದು ಲೀಟರ್ ಇಟ್ಟುಕೊಂಡರೆ ಸಾಕು. ಡಾಟ್ 3, ಡಾಟ್ 4, ಡಾಟ್ 5.1 ಮೂರೂ ಒಂದೇ ಕುಲದವು. ಆದರೆ ಡಾಟ್ 5 ಸಿಲಿಕೋನ್ ಆಧಾರಿತ, ಅದನ್ನು ಇವುಗಳೊಂದಿಗೆ ಎಂದೂ ಬೆರೆಸಬಾರದು. ಸಂಖ್ಯೆ ದೊಡ್ಡದೆಂದು ಅಂಗಡಿಯವರು ಕೊಟ್ಟರೂ ಬೇಡ ಎನ್ನಿ. ಹಳೆಯ ಕಾರಿನಲ್ಲಿ ಏರ್ ತೆಗೆಯುವಾಗ ಪೆಡಲನ್ನು ಒಂದೇ ಏಟಿಗೆ ನೆಲಕ್ಕೆ ತುಳಿಯಬಾರದು. ಮಾಸ್ಟರ್ ಸಿಲಿಂಡರ್‌ನ ತುದಿಯಲ್ಲಿ ವರ್ಷಗಳಿಂದ ತುಕ್ಕು ಕೂತಿರುತ್ತದೆ, ರಬ್ಬರ್ ಅಲ್ಲಿಗೆ ಹೋಗಿ ಹರಿಯುತ್ತದೆ. ಯಾವ ಚಕ್ರದಿಂದ ಶುರುಮಾಡಬೇಕು ಎಂಬುದು ಕಾರಿನಿಂದ ಕಾರಿಗೆ ಬೇರೆ, ಕಂಪನಿಯ ಕೈಪಿಡಿ ನೋಡಿ. ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ) ಘಟಕದೊಳಗೆ ಗಾಳಿ ಹೊಕ್ಕಿದ್ದರೆ ಕಾಲಿನಿಂದ ಎಷ್ಟು ತುಳಿದರೂ ಹೊರಬಾರದೆ ಇರಬಹುದು, ಆಗ ಸ್ಕ್ಯಾನರ್ ಇರುವ ಗ್ಯಾರೇಜ್ ಬೇಕು. ದ್ರವ ಬಣ್ಣದ ಮೇಲೆ ಚೆಲ್ಲಿದರೆ ಒರೆಸುತ್ತಾ ಕೂರದೆ ಕೂಡಲೇ ನೀರು ಸುರಿಯಿರಿ.

ಪೆಡಲ್ ಗಟ್ಟಿ, ಕಾರು ಮಾತ್ರ ನಿಲ್ಲುವುದಿಲ್ಲ

ಇದು ಮೇಲಿನದಕ್ಕೆ ನೇರ ವಿರುದ್ಧ. ಕಾಲಿಗೆ ಕಲ್ಲು ಒತ್ತಿದಂತೆ ಅನ್ನಿಸುತ್ತದೆ, ಹಿಡಿತ ಇರುವುದಿಲ್ಲ. ಬಿಸಿಯಾದ ಮೇಲೆ ಮಾತ್ರ ಹೀಗಾದರೆ ಪ್ಯಾಡ್ ತನ್ನ ಮಿತಿ ದಾಟಿದೆ. ಕಂಪನಿಯಿಂದ ಬರುವ ಪ್ಯಾಡ್‌ಗಳನ್ನು ಸದ್ದಿಲ್ಲದೆ, ಧೂಳಿಲ್ಲದೆ, ತಣ್ಣಗಿದ್ದಾಗಲೇ ಹಿಡಿಯುವಂತೆ ಮಾಡಿರುತ್ತಾರೆ. ಅತಿ ಬಿಸಿಯಲ್ಲಿ ಅವುಗಳನ್ನು ಕಟ್ಟಿಹಿಡಿದ ಅಂಟು ಬೆಂದು ಅನಿಲ ಬಿಡುತ್ತದೆ, ಘರ್ಷಣೆ ಕುಸಿಯುತ್ತದೆ. ಸುಟ್ಟ ವಾಸನೆ ಒಳಗೇ ಬರುತ್ತದೆ. ಇದಕ್ಕೆ ದ್ರವ ಬದಲಿಸಿ ಪ್ರಯೋಜನವಿಲ್ಲ, ಹೆಚ್ಚು ಬಿಸಿ ತಡೆಯುವ ಪ್ಯಾಡ್ ಬೇಕು.

ತಣ್ಣಗಿದ್ದಾಗಲೂ ಪೆಡಲ್ ಕಲ್ಲಿನಂತಿದ್ದರೆ ಪ್ಯಾಡನ್ನು ದೂರಬೇಡಿ, ಬೂಸ್ಟರ್ (ನಿರ್ವಾತದ ನೆರವಿನಿಂದ ಕಾಲಿನ ಒತ್ತನ್ನು ಹೆಚ್ಚಿಸುವ ಭಾಗ) ನೋಡಿ. ಇಂಜಿನ್ ನಿಲ್ಲಿಸಿ, ಪೆಡಲನ್ನು ಹಲವು ಸಲ ಒತ್ತಿ ಒಳಗಿನ ನಿರ್ವಾತವನ್ನು ಖಾಲಿ ಮಾಡಿ. ಈಗ ಕಾಲನ್ನು ಒತ್ತಿಹಿಡಿದು ಇಂಜಿನ್ ಚಾಲೂ ಮಾಡಿ. ಪೆಡಲ್ ತುಸು ಕೆಳಗಿಳಿದರೆ ಬೂಸ್ಟರ್ ಸರಿಯಿದೆ. ಅಲುಗದಿದ್ದರೆ ಬೂಸ್ಟರ್, ಅದರ ಪೈಪ್ ಅಥವಾ ಪೈಪಿನ ಒಂದುಮುಖ ವಾಲ್ವ್ ಕೆಟ್ಟಿದೆ.

ಹೊಸ ಪ್ಯಾಡ್ ಹಾಕಿಸಿ ನೇರ ಟ್ರ್ಯಾಕ್‌ಗೆ ಹೋದವರಿಗೂ ಇದೇ ಅನುಭವವಾಗುತ್ತದೆ, ಏಕೆಂದರೆ ಹೊಸ ಪ್ಯಾಡ್ ಮೊದಲ ಸಲ ಚೆನ್ನಾಗಿ ಕಾದಾಗ ಅನಿಲ ಬಿಡುವುದು ಸಹಜ. ಅದನ್ನು ಮನೆಯ ಹತ್ತಿರವೇ ಮುಗಿಸಿಕೊಳ್ಳಬೇಕು. ಮುಂಜಾನೆ, ಜನ ದನ ಇಲ್ಲದ ನೇರ ರಸ್ತೆಯಲ್ಲಿ, ಕಾನೂನಿನ ಮಿತಿಯೊಳಗೆ, ಅರವತ್ತರಿಂದ ಹತ್ತಕ್ಕೆ ಹದವಾಗಿ ಇಳಿಸುವುದನ್ನು ಮತ್ತೆ ಮತ್ತೆ ಮಾಡಿ. ಪೂರ್ತಿ ನಿಲ್ಲಿಸಿ ಪೆಡಲ್ ಒತ್ತಿಹಿಡಿಯಬೇಡಿ. ಆಮೇಲೆ ಬ್ರೇಕ್ ಮುಟ್ಟದೆ ಕೆಲವು ಕಿಲೋಮೀಟರ್ ಓಡಿಸಿ ಆರಿಸಿ. ಪ್ಯಾಡ್ ತಯಾರಕರು ಬೇರೆ ಕ್ರಮ ಹೇಳಿದ್ದರೆ ಅದನ್ನೇ ಪಾಲಿಸಿ. ಹೆದ್ದಾರಿ 48 ಈ ಕೆಲಸಕ್ಕೆ ತಕ್ಕ ಜಾಗವಲ್ಲ ಎಂದು ಒತ್ತಿ ಹೇಳುತ್ತೇನೆ. ಹಿಂದೆ ಬರುವ ಲಾರಿಯವರಿಗೆ ನೀವು ಪ್ಯಾಡ್ ಪಳಗಿಸುತ್ತಿದ್ದೀರಿ ಎಂದು ತಿಳಿಯುವುದಿಲ್ಲ, ಅವರ ಬ್ರೇಕ್ ನಿಮ್ಮದರಷ್ಟು ಬೇಗ ಹಿಡಿಯುವುದೂ ಇಲ್ಲ.

ಪೂರ್ಣ ರೇಸ್ ಪ್ಯಾಡ್ ನಮ್ಮಂಥವರಿಗೆ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಅವು ಕಾಯದ ಹೊರತು ಹಿಡಿಯುವುದಿಲ್ಲ. ಚಿತ್ರದುರ್ಗದ ಬೈಪಾಸ್‌ನಲ್ಲಿ ಹಸು ಅಡ್ಡ ಬಂದಾಗ ಮೊದಲ ಒತ್ತಿಗೇ ಹಿಡಿಯುವ ಪ್ಯಾಡ್ ಬೇಕು. ರಸ್ತೆಗೂ ಟ್ರ್ಯಾಕ್‌ಗೂ ಹೊಂದುವ ನಡುದರ್ಜೆಯದನ್ನು ಆರಿಸಿ, ಹಳೆಯ ಪ್ಯಾಡ್ ಜೋಡಿಯನ್ನು ಡಿಕ್ಕಿಯಲ್ಲಿ ಇಟ್ಟುಕೊಂಡು ಹೋಗಿ. ಅರ್ಧಕ್ಕಿಂತ ಹೆಚ್ಚು ಸವೆದ ಪ್ಯಾಡ್‌ನೊಂದಿಗೆ ಟ್ರ್ಯಾಕ್‌ಗೆ ಇಳಿಯಬೇಡಿ. ತೆಳುವಾದ ಪ್ಯಾಡ್ ಬಿಸಿಯನ್ನು ತಡೆಯದೆ ನೇರ ಪಿಸ್ಟನ್‌ಗೆ, ಅಲ್ಲಿಂದ ದ್ರವಕ್ಕೆ ದಾಟಿಸುತ್ತದೆ.

ನಡುಕ, ಎಳೆತ, ಬಿಡದ ಬ್ರೇಕ್

ಬ್ರೇಕ್ ಒತ್ತಿದಾಗ ಸ್ಟೀರಿಂಗ್ ನಡುಗಿದರೆ ಎಲ್ಲರೂ "ಡಿಸ್ಕ್ ಬೆಂಡ್ ಆಗಿದೆ" ಎನ್ನುತ್ತಾರೆ. ಹೆಚ್ಚಿನ ಸಲ ಡಿಸ್ಕ್ ಬಾಗಿರುವುದಿಲ್ಲ, ಬಿಸಿ ಡಿಸ್ಕ್ ಮೇಲೆ ಪ್ಯಾಡ್‌ನ ವಸ್ತು ಒಂದೆಡೆ ದಪ್ಪವಾಗಿ ಅಂಟಿರುತ್ತದೆ. ಟ್ರ್ಯಾಕ್‌ನಿಂದ ಬಂದವರು ಬ್ರೇಕ್ ಒತ್ತಿಹಿಡಿದೇ ನಿಂತರೆ ಪ್ಯಾಡ್‌ನ ಅಚ್ಚು ಡಿಸ್ಕ್ ಮೇಲೆ ಮೂಡುತ್ತದೆ. ಲೇತ್‌ಗೆ ಹಾಕಿಸುವ ಮುನ್ನ ಡಿಸ್ಕ್ ಮೇಲೆಯೋ ಅಂಚಿನಲ್ಲೋ ಕೆತ್ತಿರುವ ಕನಿಷ್ಠ ದಪ್ಪವನ್ನು ಓದಿ, ಮೈಕ್ರೋಮೀಟರ್‌ನಲ್ಲಿ ಅಳೆಸಿ. ಮಿತಿಯ ಹತ್ತಿರವಿದ್ದರೆ ಲೇತ್ ಬೇಡ, ಹೊಸದೇ ಸರಿ. ಮೇಲ್ಮೈಯಲ್ಲಿ ಕೂದಲೆಳೆಯಂಥ ಬಿರುಕು ಜಾಲ ಇದ್ದರೆ ಗಮನಿಸುತ್ತಿರಿ. ಅದು ಉಗುರಿಗೆ ಸಿಕ್ಕುವಷ್ಟಾಗಿದ್ದರೆ ಅಥವಾ ಅಂಚು ತಲುಪಿದ್ದರೆ ಆ ಡಿಸ್ಕ್‌ನ ಆಯುಸ್ಸು ಮುಗಿದಿದೆ. ಹೊಸ ಡಿಸ್ಕ್ ಕೂರಿಸುವ ಮುನ್ನ ಅದು ಕೂರುವ ಹಬ್‌ನ ತುಕ್ಕು ಕೆರೆದು ತೆಗೆಸಿ. ಅಲ್ಲಿ ಉಳಿದ ಒಂದು ಚೂರು ಡಿಸ್ಕನ್ನು ಓಲಾಡಿಸುತ್ತದೆ. ಚಕ್ರದ ನಟ್‌ಗಳನ್ನು ಏರ್ ಗನ್ನಿನಿಂದ ಬಡಿದು ಬಿಡದೆ ಬಿಗಿಯನ್ನು ಅಳೆದು ತೋರಿಸುವ ಟಾರ್ಕ್ ಸ್ಪ್ಯಾನರ್‌ನಲ್ಲಿ ಕೈಪಿಡಿಯ ಅಳತೆಗೆ ಬಿಗಿಸಿ.

ಕಾರು ಒಂದು ಪಕ್ಕಕ್ಕೆ ಎಳೆದರೆ ಪ್ಯಾಡ್‌ಗಳನ್ನು ಹೊರತೆಗೆದು ನೋಡಿ. ಒಳಗಿನ ಮತ್ತು ಹೊರಗಿನ ಪ್ಯಾಡ್‌ನ ಸವೆತದಲ್ಲಿ ದೊಡ್ಡ ವ್ಯತ್ಯಾಸವಿದ್ದರೆ ಕ್ಯಾಲಿಪರ್‌ನ ಜಾರುಪಿನ್ನು ಒಣಗಿ ಹಿಡಿದುಕೊಂಡಿದೆ. ನಮ್ಮ ಕಡೆಯ ಬಯಲುಸೀಮೆ ಧೂಳು ಪಿನ್ನಿನ ರಬ್ಬರ್ ಹರಿದಲ್ಲೆಲ್ಲ ಹೊಕ್ಕು ಗ್ರೀಸನ್ನು ಮರಳುಕಾಗದ ಮಾಡಿಬಿಡುತ್ತದೆ. ಪಿನ್ ತೊಳೆದು ಬ್ರೇಕ್‌ಗೆಂದೇ ಇರುವ ಸಿಲಿಕೋನ್ ಗ್ರೀಸ್ ಹಚ್ಚಬೇಕು. ಬೇರಿಂಗ್‌ಗೆ ಬಳಸುವ ಗ್ರೀಸ್ ರಬ್ಬರನ್ನು ಉಬ್ಬಿಸುತ್ತದೆ.

ಕಾಲು ತೆಗೆದ ಮೇಲೂ ಒಂದು ಚಕ್ರ ಬಿಗಿಯಾಗಿಯೇ ಇದ್ದರೆ ಒಳ್ಳೆಯ ಪರೀಕ್ಷೆಯೊಂದಿದೆ. ಕಾರನ್ನು ಭದ್ರವಾಗಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಚಕ್ರ ಬಿಗಿ ಇರುವಾಗಲೇ ಆ ಕ್ಯಾಲಿಪರ್‌ನ ಏರ್ ತೆಗೆಯುವ ಸ್ಕ್ರೂ ಸಡಿಲಿಸಿ. ಚಕ್ರ ಕೂಡಲೇ ಬಿಟ್ಟುಕೊಟ್ಟರೆ ಒತ್ತಡ ಮೇಲಿನಿಂದ ಸಿಕ್ಕಿಹಾಕಿಕೊಂಡಿತ್ತು: ಹೋಸ್ ಒಳಗೆ ಕುಸಿದಿದೆ, ಅಥವಾ ಮಾಸ್ಟರ್ ಸಿಲಿಂಡರ್ ದ್ರವವನ್ನು ಹಿಂದಕ್ಕೆ ಬಿಡುತ್ತಿಲ್ಲ. ಒಂದೇ ಚಕ್ರವಾದರೆ ಹೋಸ್ ಮೇಲೆ ಅನುಮಾನ, ಹಲವು ಚಕ್ರಗಳಾದರೆ ಮಾಸ್ಟರ್ ಸಿಲಿಂಡರ್ ಮೇಲೆ. ಸ್ಕ್ರೂ ಬಿಚ್ಚಿದರೂ ಚಕ್ರ ಬಿಡದಿದ್ದರೆ ಪಿಸ್ಟನ್ ಅಥವಾ ಪಿನ್ನೇ ಹಿಡಿದಿದೆ.

ಜೋರು ತಿರುವಿನ ನಂತರದ ಮೊದಲ ಒತ್ತು ಮಾತ್ರ ಆಳಕ್ಕೆ ಹೋಗಿ, ಎರಡನೆಯದು ಗಟ್ಟಿ ಸಿಕ್ಕರೆ ದ್ರವ ಕುದಿದಿಲ್ಲ. ಚಕ್ರದ ಬೇರಿಂಗ್‌ನ ಸಡಿಲದಿಂದ ಡಿಸ್ಕ್ ಓಲಾಡಿ ಪ್ಯಾಡನ್ನು ಹಿಂದಕ್ಕೆ ತಳ್ಳಿದೆ. ಚಕ್ರ ಎತ್ತಿ ಮೇಲೆ ಕೆಳಗೆ ಹಿಡಿದು ಅಲುಗಿಸಿ ನೋಡಿ.

ಇಂಜಿನ್ ಹೀಟ್ ಆಗುತ್ತಿದೆ: ಯಾವ ವೇಗದಲ್ಲಿ?

ಇಲ್ಲಿಯೂ ದಾರಿ ತೋರಿಸುವುದು ಸಮಯವೇ. ಗಾಂಧಿ ವೃತ್ತದ ಸಿಗ್ನಲ್‌ನಲ್ಲಿ ನಿಂತಾಗ ಬಿಸಿ ಏರಿ, ಹೆದ್ದಾರಿಗೆ ಬಿದ್ದೊಡನೆ ಇಳಿದರೆ ಫ್ಯಾನ್ ಕಡೆ ನೋಡಿ: ಮೋಟರ್, ರಿಲೇ, ಫ್ಯೂಸ್, ಸೆನ್ಸರ್. ಊರಲ್ಲಿ ತಣ್ಣಗಿದ್ದು, ಹೆದ್ದಾರಿಯಲ್ಲಿ ಅಥವಾ ಟ್ರ್ಯಾಕ್‌ನಲ್ಲಿ ಒಂದೇ ಸಮನೆ ಏರಿದರೆ ಫ್ಯಾನ್ ಬದಲಿಸಿ ಏನೂ ಆಗದು, ಏಕೆಂದರೆ ಆ ವೇಗದಲ್ಲಿ ಗಾಳಿ ತಾನೇ ನುಗ್ಗುತ್ತದೆ. ತೊಂದರೆ ನೀರು ಹರಿಯುವುದರಲ್ಲಿದೆ ಅಥವಾ ರೇಡಿಯೇಟರ್ ಬಿಸಿ ಬಿಡುವುದರಲ್ಲಿದೆ. ಸರಕ್ಕನೆ ಏರಿ ಸರಕ್ಕನೆ ಇಳಿದರೆ ಒಳಗೆ ಗಾಳಿ ಸೇರಿದೆ, ಥರ್ಮೋಸ್ಟಾಟ್ (ಬಿಸಿಯಾದಾಗ ನೀರನ್ನು ರೇಡಿಯೇಟರ್‌ಗೆ ಬಿಡುವ ವಾಲ್ವ್) ಅಂಟಿಕೊಳ್ಳುತ್ತಿದೆ, ಇಲ್ಲವೇ ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕ್ ಮತ್ತು ಹೆಡ್ ನಡುವಿನ ಸೀಲ್) ಕೆಟ್ಟಿದೆ. ಇಂಜಿನ್ ನಿಲ್ಲಿಸಿದ ಕೆಲವು ನಿಮಿಷಗಳಲ್ಲಿ ತುಸು ಏರುವುದು ದೋಷವಲ್ಲ, ಪಂಪ್ ನಿಂತಾಗ ಲೋಹದ ಬಿಸಿ ನೀರಿಗೆ ಇಳಿಯುತ್ತದೆ.

ಡ್ಯಾಶ್‌ಬೋರ್ಡ್‌ನ ಮುಳ್ಳನ್ನು ನಂಬಿ ಈ ಪರೀಕ್ಷೆ ಮಾಡಬೇಡಿ. ಇಂದಿನ ಅನೇಕ ಕಾರುಗಳಲ್ಲಿ ಅದು ಉಷ್ಣಾಂಶದ ದೊಡ್ಡ ಹರವಿನಲ್ಲಿ ನಡುವೆಯೇ ಸ್ಥಿರವಾಗಿ ನಿಲ್ಲುವಂತೆ ಹೊಂದಿಸಿರುತ್ತಾರೆ. ಮುಳ್ಳು ಅಲುಗುವ ಹೊತ್ತಿಗೆ ತಡವಾಗಿರುತ್ತದೆ. ಕೆಲವು ಕಾರುಗಳಲ್ಲಂತೂ ಮುಳ್ಳೇ ಇಲ್ಲ, ಕೆಂಪು ದೀಪ ಮಾತ್ರ. ಓಬಿಡಿ ಸಾಕೆಟ್‌ಗೆ (ಕಾರಿನ ಕಂಪ್ಯೂಟರ್‌ನ ಮಾಹಿತಿ ಓದುವ ಸಾಕೆಟ್) ಚುಚ್ಚುವ ಸಣ್ಣ ಬ್ಲೂಟೂತ್ ಉಪಕರಣ ಕೊಂಡು ಮೊಬೈಲ್‌ನಲ್ಲಿ ನಿಜವಾದ ಅಂಕಿ ನೋಡಿ. ನಾನು ಇಟ್ಟುಕೊಂಡ ಮಿತಿ ಇದು: ಟ್ರ್ಯಾಕ್‌ನಲ್ಲಿ 105 ಡಿಗ್ರಿಯವರೆಗೆ ಕಣ್ಣಿಟ್ಟಿರುವುದು, 110 ತಲುಪಿದರೆ ವೇಗ ಇಳಿಸಿ ಆರಿಸುವ ಲ್ಯಾಪ್, ಆದರೂ ಇಳಿಯದಿದ್ದರೆ ಹೊರಗೆ.

ಮೊದಲು ಹಣ ಬೇಡದ ಜಾಗ ನೋಡಿ, ರೇಡಿಯೇಟರ್‌ನ ಮುಖ. ದಾವಣಗೆರೆ ಸುತ್ತ ಮೆಕ್ಕೆಜೋಳದ ಸುಗ್ಗಿಯಲ್ಲಿ ರಸ್ತೆಯಂಚಿನಲ್ಲೇ ಕಾಳು ಹರವಿ ಒಣಗಿಸುತ್ತಾರೆ. ಅದರ ಹೊಟ್ಟು, ಧೂಳು, ರಾತ್ರಿ ಬಡಿದ ಹುಳುಗಳು ಎಲ್ಲ ಗ್ರಿಲ್ ದಾಟಿ ಒಳಗೆ ಸೇರುತ್ತವೆ. ಎದುರಿನಿಂದ ಕಾಣುವುದು ಎಸಿ ಕಂಡೆನ್ಸರ್, ಅದು ಸ್ವಚ್ಛವಾಗಿ ತೋರಬಹುದು. ಕಸ ಕಟ್ಟುವುದು ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದಿನಲ್ಲಿ. ಟಾರ್ಚ್ ಬಿಟ್ಟು ನೋಡಿ, ಬೇಕಾದರೆ ಎರಡನ್ನೂ ಬೇರ್ಪಡಿಸಿ, ಇಂಜಿನ್ ಕಡೆಯಿಂದ ಮುಂದಕ್ಕೆ, ಮೆಲ್ಲಗಿನ ನೀರಿನಲ್ಲಿ ತೊಳೆಯಿರಿ. ಸರ್ವಿಸ್ ಸ್ಟೇಷನ್ನಿನ ಜೋರು ಪ್ರೆಷರ್ ನೀರು ತೆಳು ರೆಕ್ಕೆಗಳನ್ನು ಮಡಚಿ ಗಾಳಿದಾರಿಯನ್ನೇ ಮುಚ್ಚುತ್ತದೆ. ರೇಡಿಯೇಟರ್ ಪಕ್ಕದ ಸ್ಪಂಜು, ಪ್ಲಾಸ್ಟಿಕ್ ತಡೆಗಳು ಕಿತ್ತುಹೋಗಿದ್ದರೆ ಮತ್ತೆ ಹಾಕಿಸಿ. ಅವಿಲ್ಲದಿದ್ದರೆ ಗಾಳಿ ರೇಡಿಯೇಟರ್ ಒಳಗೆ ಹೋಗದೆ ಪಕ್ಕದಿಂದಲೇ ಹೊರಟುಹೋಗುತ್ತದೆ.

ಎರಡನೆಯದು ಒಳಗಿನ ನೀರು. ಬೋರ್‌ವೆಲ್ ನೀರನ್ನು ರೇಡಿಯೇಟರ್‌ಗೆ ಸುರಿಯುವ ಅಭ್ಯಾಸ ನಮ್ಮ ಎರಡೂ ಜಿಲ್ಲೆಗಳಲ್ಲಿದೆ. ಗಡಸು ನೀರು ಪಾತ್ರೆಗೆ ಬಿಳಿ ಪೊರೆ ಕಟ್ಟುವಂತೆಯೇ ರೇಡಿಯೇಟರ್‌ನ ಕಿರುನಾಳಗಳಿಗೂ ಕಟ್ಟುತ್ತದೆ. ಊರ ಓಡಾಟಕ್ಕೆ ಉಳಿದ ನಾಳಗಳು ಸಾಕಾಗುತ್ತವೆ, ಟ್ರ್ಯಾಕ್‌ಗೆ ಸಾಲುವುದಿಲ್ಲ. ಇಂಜಿನ್ ಪೂರ್ತಿ ಕಾದ ಮೇಲೆ, ಫ್ಯಾನ್‌ನಿಂದ ಕೈ ದೂರವಿಟ್ಟು, ಇನ್‌ಫ್ರಾರೆಡ್ ಥರ್ಮಾಮೀಟರ್‌ನಿಂದ ರೇಡಿಯೇಟರ್ ಉದ್ದಕ್ಕೂ ಅಳೆಯಿರಿ. ನೀರು ಒಳಬರುವ ತುದಿಯಿಂದ ಹೊರಹೋಗುವ ತುದಿಗೆ ಉಷ್ಣಾಂಶ ಕ್ರಮವಾಗಿ ಇಳಿಯಬೇಕು. ನಡುವೆ ಎಲ್ಲೋ ಒಂದು ಪಟ್ಟಿ ತಣ್ಣಗಿದ್ದರೆ ಅಲ್ಲಿ ನಾಳ ಮುಚ್ಚಿದೆ. ಹೊಳೆಯುವ ಅಲ್ಯೂಮಿನಿಯಂ ಮೇಲೆ ಈ ಉಪಕರಣ ನಿಜಕ್ಕಿಂತ ಕಡಿಮೆ ತೋರಿಸುತ್ತದೆ, ಆದ್ದರಿಂದ ಅಂಕಿಗಿಂತ ವ್ಯತ್ಯಾಸವನ್ನು ಗಮನಿಸಿ. ತುಂಬಿಸುವಾಗ ಕಂಪನಿ ಹೇಳಿದ ಕೂಲಂಟ್, ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್, ಇವೆರಡೇ. ಕೂಲಂಟ್ ಹೆಚ್ಚಾದಷ್ಟೂ ಒಳ್ಳೆಯದೆಂಬ ನಂಬಿಕೆ ತಪ್ಪು. ಬಿಸಿ ಹೊರುವುದರಲ್ಲಿ ನೀರೇ ಮೇಲು. ಕೂಲಂಟ್ ತುಕ್ಕು ತಡೆಯುತ್ತದೆ, ಕುದಿಬಿಂದು ಏರಿಸುತ್ತದೆ.

ಮೂರನೆಯದು ಮುಚ್ಚಳ, ಬೆಲೆಯಲ್ಲಿ ಎಲ್ಲಕ್ಕಿಂತ ಅಗ್ಗ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಇಲ್ಲಿ ತೆರೆದ ಪಾತ್ರೆಯಲ್ಲಿ ನೀರು ಸುಮಾರು 98 ಡಿಗ್ರಿಗೇ ಕುದಿಯುತ್ತದೆ. ಸುಮಾರು ಒಂದು ಬಾರ್ ಒತ್ತಡ ಹಿಡಿದಿಡುವ ಮುಚ್ಚಳ ಆ ಮಿತಿಯನ್ನು 120ರ ಹತ್ತಿರಕ್ಕೆ ಒಯ್ಯುತ್ತದೆ, ಕೂಲಂಟ್ ಬೆರೆತರೆ ಇನ್ನೂ ಮೇಲಕ್ಕೆ. ಮುಚ್ಚಳದ ರಬ್ಬರ್ ಬಿರಿದರೆ ಈ ಲಾಭವೆಲ್ಲ ಹೋಗಿ, 105 ಡಿಗ್ರಿಯ ಸಾಧಾರಣ ಟ್ರ್ಯಾಕ್ ಬಿಸಿಯಲ್ಲೇ ನೀರು ಉಕ್ಕುತ್ತದೆ. ರೇಡಿಯೇಟರ್ ಅಂಗಡಿಯಲ್ಲಿ ಒತ್ತಡ ಪರೀಕ್ಷೆ ಮಾಡಿಸಿ, ಅನುಮಾನವಿದ್ದರೆ ಅದೇ ಒತ್ತಡದ ಹೊಸದು ಹಾಕಿ. ಬಿಸಿ ಇಂಜಿನ್‌ನ ಮುಚ್ಚಳವನ್ನು ಬಟ್ಟೆ ಹಿಡಿದೂ ತೆರೆಯಬಾರದು. ಒತ್ತಡ ಬಿಟ್ಟ ಕ್ಷಣವೇ ಅಷ್ಟೂ ನೀರು ಕುದಿದು ಮುಖಕ್ಕೆ ಚಿಮ್ಮುತ್ತದೆ.

ಥರ್ಮೋಸ್ಟಾಟ್ ಬಗ್ಗೆ ಒಂದು ಹಳೆಯ ಸಲಹೆ ಇನ್ನೂ ಓಡಾಡುತ್ತಿದೆ: "ವಾಲ್ವ್ ತೆಗೆದುಬಿಡಿ, ತಣ್ಣಗಿರುತ್ತದೆ." ದಯವಿಟ್ಟು ಕೇಳಬೇಡಿ. ಹಲವು ಇಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆದಾಗ ಅದೇ ಬಿಡಿಭಾಗ ಅಡ್ಡದಾರಿಯನ್ನು ಮುಚ್ಚುತ್ತದೆ. ಅದನ್ನು ತೆಗೆದರೆ ನೀರಿನ ಒಂದು ಪಾಲು ರೇಡಿಯೇಟರ್‌ಗೆ ಹೋಗದೆ ಇಂಜಿನ್ನಿನಲ್ಲೇ ಸುತ್ತುತ್ತದೆ, ಟ್ರ್ಯಾಕ್‌ನಲ್ಲಿ ಬಿಸಿ ಹೆಚ್ಚುತ್ತದೆ. ಸಾಧಾರಣ ಓಟದಲ್ಲಿ ಇಂಜಿನ್ ಕಾಯದೆ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ. ಪರೀಕ್ಷೆ ಮನೆಯ ಒಲೆಯ ಮೇಲೇ ಸಾಧ್ಯ: ಪಾತ್ರೆಯ ನೀರಿನಲ್ಲಿ ತೂಗುಬಿಟ್ಟು, ಥರ್ಮಾಮೀಟರ್ ಇಟ್ಟು ಕಾಯಿಸಿ. ಅದರ ಮೇಲೆ ಕೆತ್ತಿದ ಅಂಕಿಯ ಹತ್ತಿರ, ಸಾಮಾನ್ಯವಾಗಿ 82ರಿಂದ 88ರ ನಡುವೆ, ತೆರೆಯಲು ಶುರುಮಾಡಬೇಕು. ನೀರು ಕುದಿಯುವಷ್ಟರಲ್ಲಿ ಅಗಲವಾಗಿ ತೆರೆದಿರಬೇಕು.

ಇಷ್ಟೆಲ್ಲ ಸರಿಯಿದ್ದೂ ಬಿಸಿ ನಿಲ್ಲದಿದ್ದರೆ, ಅಥವಾ ಎಲ್ಲೂ ಸೋರದೆ ಕೂಲಂಟ್ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಕಡೆ ತಿರುಗಿ. ರಾತ್ರಿಯಿಡೀ ನಿಂತ ಕಾರನ್ನು ಬೆಳಿಗ್ಗೆ ಚಾಲೂ ಮಾಡಿ. ನೀರು ಇನ್ನೂ ಕಾಯದಿರುವಾಗಲೇ ಮೇಲಿನ ಹೋಸ್ ಗಟ್ಟಿಯಾದರೆ, ಕೂಲಂಟ್ ಬಾಟಲಿಯಲ್ಲಿ ನಿಲ್ಲದೆ ಗುಳ್ಳೆ ಬಂದರೆ, ಸಿಲಿಂಡರ್‌ನ ಅನಿಲ ನೀರಿಗೆ ನುಗ್ಗುತ್ತಿದೆ. ನೀಲಿ ದ್ರವದ ಪರೀಕ್ಷಾ ಕಿಟ್ ಇರುವ ಗ್ಯಾರೇಜ್ ಹುಡುಕಿ. ಬಾಟಲಿಯ ಬಾಯಿಯ ಗಾಳಿಯನ್ನು ಎಳೆದಾಗ ನೀಲಿ ಹಳದಿಯಾದರೆ ಖಚಿತ. ಈ ಅನುಮಾನ ಇರುವಾಗ ಟ್ರ್ಯಾಕ್ ದಿನಕ್ಕೆ ಕಟ್ಟಿದ ಶುಲ್ಕ ಹೋದರೆ ಹೋಗಲಿ. ಬಾಗಿದ ಹೆಡ್ ಸರಿಪಡಿಸುವ ಖರ್ಚು ಅದರ ಹಲವು ಪಟ್ಟು.

ಟ್ರ್ಯಾಕ್‌ನಲ್ಲಿ ಮತ್ತು ವಾಪಸ್ ದಾರಿಯಲ್ಲಿ

ಟ್ರ್ಯಾಕ್‌ನಲ್ಲಿ ಎಸಿ ಆರಿಸಿ, ಕಂಡೆನ್ಸರ್‌ನ ಬಿಸಿಗಾಳಿಯೇ ರೇಡಿಯೇಟರ್‌ಗೆ ಹೋಗುವುದು ತಪ್ಪುತ್ತದೆ. ಅಂಕಿ ಏರಿದರೆ ಹೀಟರ್ ಪೂರ್ತಿ ತಿರುಗಿಸಿ. ಒಳಗೆ ಬೆವರು ಸುರಿದರೂ ಅದು ಇನ್ನೊಂದು ಪುಟ್ಟ ರೇಡಿಯೇಟರ್. ಇಂಜಿನ್ ಆಯಿಲ್ ಮೇಲಿನ ಗುರುತಿನಲ್ಲೇ ಇರಲಿ. ಕೊನೆಯ ಲ್ಯಾಪ್ ಬ್ರೇಕ್ ಮುಟ್ಟದಷ್ಟು ನಿಧಾನವಾಗಿರಲಿ. ಬಂದು ನಿಂತಾಗ ಹ್ಯಾಂಡ್‌ಬ್ರೇಕ್ ಹಾಕಬೇಡಿ, ಗೇರ್‌ನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಕೆಲವು ನಿಮಿಷದ ನಂತರ ಕಾರನ್ನು ಚಕ್ರ ಅರ್ಧ ಸುತ್ತು ತಿರುಗುವಷ್ಟು ಮುಂದಕ್ಕೆ ತಳ್ಳಿದರೆ ಪ್ಯಾಡ್ ಡಿಸ್ಕ್‌ನ ಒಂದೇ ಜಾಗವನ್ನು ಬೇಯಿಸುವುದಿಲ್ಲ. ಇದೇ ಹೊತ್ತಿನಲ್ಲಿ ನಾಲ್ಕೂ ಚಕ್ರಗಳ ಬಿಸಿ ಅಳೆದು ಬರೆದಿಡಿ. ಎಡ ಬಲದ ನಡುವೆ ದೊಡ್ಡ ಅಂತರವಿದ್ದರೆ ಬಿಸಿ ಇರುವ ಕಡೆ ಬ್ರೇಕ್ ಬಿಡುತ್ತಿಲ್ಲ ಅಥವಾ ತಣ್ಣಗಿರುವ ಕಡೆ ಹಿಡಿಯುತ್ತಿಲ್ಲ. ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ಬಿಸಿ ಇರುವುದು ಸಹಜ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಏನು ಮಾಡಿದಿರಿ ಎಂಬುದನ್ನು ದಿನಾಂಕ ಸಹಿತ ಬರೆದಿಡಿ. ಪ್ಯಾಡ್, ದ್ರವ, ಹೋಸ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ಮುಂದಿನ ಸಲ ಪೆಡಲ್ ಇಳಿದಾಗ ಹುಡುಕಾಟ ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಊರಿಗೆ ಹೊರಡುವ ಮುನ್ನ, ಕಾರು ಪೂರ್ತಿ ಆರಿದ ಮೇಲೆ, ಚಕ್ರದ ನಟ್‌ಗಳನ್ನು ಮತ್ತೆ ಟಾರ್ಕ್‌ಗೆ ನೋಡಿ, ಪ್ಯಾಡ್‌ನ ದಪ್ಪ, ಡಿಸ್ಕ್‌ನ ಬಿರುಕು, ದ್ರವದ ಮತ್ತು ಕೂಲಂಟ್‌ನ ಮಟ್ಟ ಪರೀಕ್ಷಿಸಿ. ಟ್ರ್ಯಾಕ್ ಆವರಣದಲ್ಲೇ ನಿಧಾನ ವೇಗದಲ್ಲಿ ಬ್ರೇಕ್ ಒತ್ತಿ ನೋಡಿ. ಪೆಡಲ್ ಬೆಳಿಗ್ಗೆ ನಿಂತ ಎತ್ತರದಲ್ಲಿ ನಿಲ್ಲದಿದ್ದರೆ ಹೆದ್ದಾರಿಗೆ ಇಳಿಯದೆ ಅಲ್ಲಿಯೇ ಏರ್ ತೆಗೆಸಿ, ಡಿಕ್ಕಿಯಲ್ಲಿ ಸೀಲ್ ಒಡೆಯದ ಬ್ರೇಕ್ ಆಯಿಲ್ ಬಾಟಲಿಯೊಂದನ್ನು ಇಟ್ಟುಕೊಂಡು ಹೋಗಬೇಕಾದದ್ದು ಇದಕ್ಕೇ.